ಅಂಚು ಒಡೆಯದ ರೊಟ್ಟಿಯ ಪೇಟೆಂಟ್

ಹಣೆಯ ವಿಭೂತಿ ಒಣಗುವ ಮೊದಲೇ ಮುರಿಗೆಪ್ಪನ ಕೈಗೆ ನೋಟೀಸು ಬಂತು. ಜೋಗೇಶ್ವರಿಯ ಗಲ್ಲಿಯೊಂದರಲ್ಲಿ ಅವನದು ಜೋಳದ ರೊಟ್ಟಿಯ ಯಂತ್ರ ತಯಾರಿಸುವ ಪುಟ್ಟ ಕಾರ್ಖಾನೆ. ಅವನ ಯಂತ್ರದ ತಟ್ಟೆ ತಿರುಗುತ್ತಲೇ ಒತ್ತುವುದರಿಂದ ರೊಟ್ಟಿಯ ಅಂಚು ಒಡೆಯುತ್ತಿರಲಿಲ್ಲ. ಆ ತಟ್ಟೆಗೆ ದೊಡ್ಡ ಕಂಪನಿಯೊಂದು ಪೇಟೆಂಟ್ ಮಾಡಿಸಿಕೊಂಡಿತ್ತು. ಇನ್ನು ಮೇಲೆ ಇದನ್ನು ಮಾಡುವುದಿಲ್ಲವೆಂದು ಸಂಜೆಯೊಳಗೆ ಅವರ ವಕೀಲರಿಗೆ ಬರೆದುಕೊಡಬೇಕು, ಇಲ್ಲವಾದರೆ ಕೋರ್ಟು.

ಕಾದ ಹಂಚಿನ ಮೇಲೆ ಬಿದ್ದ ನೀರಹನಿಯಂತೆ ಮುರಿಗೆಪ್ಪ ಚಡಪಡಿಸಿದ.

"ಅವ್ರು ಯಾವಾಗ ಕಂಡುಹಿಡಿದ್ರಂತ?" ಪಕ್ಕದ ಖಾನಾವಳಿಯ ಭಾಗವ್ವ ಕೇಳಿದಳು.

"ಆರು ವರ್ಷ ಆತಂತ."

"ನಿನ್ನ ಮಷೀನಿನಾಗ ನಾ ಹನ್ನೆರಡು ವರ್ಷದಿಂದ ರೊಟ್ಟಿ ಮಾಡಾಕತ್ತೀನಲ್ಲೋ!"

"ಬರೇ ಬಾಯಿಮಾತು ಕೋರ್ಟಿನಾಗ ನಡಿಯೂದಿಲ್ಲಕ್ಕಾ. ಪುರಾವೆ ಬೇಕು."

ಇಡೀ ಗಲ್ಲಿಯೇ ಹುಡುಕಾಟಕ್ಕಿಳಿಯಿತು. ಎದುರಿನ ವೆಲ್ಡಿಂಗ್ ಅಂಗಡಿಯ ಶಂಕ್ರೆಪ್ಪ ಮಾತ್ರ, "ಅವ್ರ ಕಾಲಿಗೆ ಬೀಳು, ಇಲ್ಲಾ ಊರಿಗೆ ಓಡು" ಎಂದು ಎರಡು ದಾರಿ ತೋರಿಸಿ ಬೀಡಿ ಹಚ್ಚಿದ. ಕೊನೆಗೆ ಭಾಗವ್ವನ ಟ್ರಂಕಿನ ತಳದಿಂದ ಆಯುಧಪೂಜೆಯ ಫೋಟೊ ಹೊರಬಂತು. ಕುಂಕುಮ, ಚೆಂಡುಹೂವಿನ ಹಾರ ಧರಿಸಿ ಯಂತ್ರ ಮದುಮಗನಂತೆ ಕೂತಿತ್ತು. ಹಿಂದಿನ ಬ್ಯಾನರಿನಲ್ಲಿ ಹನ್ನೆರಡು ವರ್ಷ ಹಿಂದಿನ ಇಸವಿ!

ಮುರಿಗೆಪ್ಪ ಫೋಟೊವನ್ನು ಎದೆಗವಚಿಕೊಂಡು ಸ್ಟೇಷನ್ನಿಗೆ ಓಡಿದ. ಗಡಿಬಿಡಿಯಲ್ಲಿ ಹತ್ತಿದ್ದು ಎದುರು ದಿಕ್ಕಿನ, ಮಲಾಡ್ ಕಡೆಯ ಲೋಕಲ್ ರೈಲು. ಇಳಿದು, ತಿರುಗಿ ಬಂದು, ವಿಲೆ ಪಾರ್ಲೆಯಲ್ಲಿದ್ದ ಕಂಪನಿಯ ವಕೀಲ ಸಂದೀಪ ಶೆಟ್ಟರ ಕಚೇರಿ ಮುಟ್ಟುವಾಗ ಐದು ಗಂಟೆ.

ಶೆಟ್ಟರು ಫೋಟೊ ನೋಡಿದರು. ಎದ್ದು ಬಾಗಿಲು ಹಾಕಿದರು.

"ಕೂತ್ಕೊಳ್ಳಿ ಮಾರಾಯ್ರೇ. ಇದು ಹೊರಗೆ ಬಂದ್ರೆ ನಮ್ಮ ಪೇಟೆಂಟೇ ಬಿದ್ದುಹೋಗ್ತದೆ. ಒಂದು ಕೆಲಸ ಮಾಡುವ. ನಾವು ನೋಟೀಸು ವಾಪಸ್ ತಗೊಳ್ತೇವೆ, ನೀವು ಫೋಟೊ ಯಾರಿಗೂ ತೋರಿಸ್ಬೇಡಿ. ಮತ್ತೆ ಈ ಮಷೀನು ಮಾಡುದು ನಾವು, ನೀವು ಇಬ್ಬರೇ. ಮೂರನೆಯವ ಕೈಹಾಕಿದ್ರೆ ಅವನಿಗೆ ನೋಟೀಸು."

"ಮತ್ಯಾರೂ ಮಾಡಾಂಗಿಲ್ಲೇನ್ರಿ?"

"ಯಾರೂ ಇಲ್ಲ."

ಬೆಳಿಗ್ಗೆ ಶಾಪವೆನಿಸಿದ್ದ ಪೇಟೆಂಟು ಈಗ ಬಸವಣ್ಣನ ಪ್ರಸಾದದಂತೆ ಕಂಡಿತು. ಶೆಟ್ಟರು ಬರೆದು ಮುಂದಿಟ್ಟ ಕರಾರುಪತ್ರವನ್ನು ಮುರಿಗೆಪ್ಪ ಕಣ್ಣಿಗೊತ್ತಿಕೊಂಡು ಪೆನ್ನು ಹಿಡಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ತಮ್ಮಾ, ಸಹಿ ಗಿಹಿ ಮಾಡಬ್ಯಾಡ!" ಭಾಗವ್ವನ ದನಿ ಕೋಣೆಯೆಲ್ಲಾ ತುಂಬಿತು. "ನೀ ಒಯ್ಯೂಕಿಂತ ಮೊದಲ ಆ ಫೋಟೊ ಮೊಬೈಲಿನಾಗ ಹೊಡ್ಕೊಂಡಿದ್ದೆ. ನಮ್ಮ ಕನ್ನಡ ಸಂಘದ ಮೊಬೈಲ್ ಗ್ರೂಪಿಗೆ ಹಾಕೀನಿ. ಆ ಪೇಟೆಂಟ್ ನಿಲ್ಲೂದಿಲ್ಲ, ಯಾರು ಬೇಕಾದ್ರೂ ಮಾಡಬಹುದಂತ ಅದರಾಗಿನ ವಕೀಲ್ರೇ ಹೇಳಿದ್ರು! ಶಂಕ್ರೆಪ್ಪ ಆಗಲೇ ತಗಡು ಕತ್ತರಸಾಕತ್ತ್ಯಾನ. ತಟ್ಟಿ ಅಳತಿ ಎಷ್ಟಂತ ಕೇಳಾಕತ್ತ್ಯಾನ, ಹೇಳ್ತೀಯೇನು?"

ಶೆಟ್ಟರು ಮುರಿಗೆಪ್ಪನ ಬೆರಳುಗಳಿಂದ ಪೆನ್ನನ್ನು ಮೆಲ್ಲಗೆ ಬಿಡಿಸಿಕೊಂಡರು.