ಕಡಲೆಕಾಯಿ ಮೂಟೆಯ ಹಿಂದೆ

ಎಲ್ಲಕ್ಕೂ ಮೂಲ ಗಾಳಿ ಇಲ್ಲದ ಒಂದು ವಾಲಿಬಾಲ್. ಅದಕ್ಕೆ ಗಾಳಿ ತುಂಬಲು ಹೋಗಿ ಪ್ರಸನ್ನ ಕುಮಾರ್ ಸತ್ತವರ ಊಟಕ್ಕೆ ಕೈ ಹಾಕುವಂತಾಯಿತು. ಮನುಷ್ಯ ಕೆಟ್ಟವನಲ್ಲ. ಯಾರು ಏನು ಹೇಳಿದರೂ ಹೂಂ ಅನ್ನುವ ಗುಣ, ಮೈಯಲ್ಲಿ ಶುಗರು, ಇವೆರಡೇ ಅವನ ಕಷ್ಟ.

ಅವತ್ತು ಪಕ್ಷದ ಹಬ್ಬ. ಮಾವ ಶಂಕರಲಿಂಗಪ್ಪನವರು ತೀರಿಕೊಂಡು ವರ್ಷ ತುಂಬಿದ ಮೇಲೆ ಅವರಿಗೆ ಇಡುತ್ತಿದ್ದ ಮೊದಲ ಎಡೆ. ಅವರು ಪಾವಗಡ ಬಸ್ಸಿನ ಕಂಡಕ್ಟರಾಗಿದ್ದವರು. ಹಗಲು ಬಸ್ಸು ನಿಲ್ಲಿಸಿದ ಸೀಟಿಯಲ್ಲೇ ಸಂಜೆ ವಾಲಿಬಾಲ್ ಆಟವನ್ನೂ ನಿಲ್ಲಿಸುತ್ತಿದ್ದರು. ಹಾರ್ಮೋನಿಯಂ ಮುಂದೆ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ಅವರು ನಕ್ಕರೆ ಆ ನಗು ಮಧುಗಿರಿ ಬೆಟ್ಟದ ಬಂಡೆಗೆ ತಾಗಿ ವಾಪಸು ಬಂದು ಪಕ್ಕದ ಬೀದಿಯವರನ್ನೂ ನಗಿಸುತ್ತದೆ ಅಂತ ಜನ ಹೇಳುತ್ತಿದ್ದರು. ಅಂಥವರು ಹೋದ ಮೇಲೆ ಮನೆ ಬಿಕೋ ಅನ್ನದೆ ಇನ್ನೇನು ಮಾಡೀತು? ಅತ್ತೆ ಆಂಜಿನಮ್ಮ ವರ್ಷದಿಂದ ಒಂದು ಸಲವೂ ನಕ್ಕಿರಲಿಲ್ಲ. ಹಬ್ಬದ ಬೆಳಗ್ಗೆಯಿಂದಲೂ ಅವರದು ಒಂದೇ ಮಾತು.

“ಅವ್ರು ಬತ್ತಾರೋ ಇಲ್ವೋ ಕಣಮ್ಮ. ಬರ್ದೆ ಹೋದ್ರೆ ನಾನು ತಡ್ಕಳಾಕಿಲ್ಲ.”

“ಬರ್ತಾರೆ ಸುಮ್ನಿರವ್ವ,” ಅಂದಳು ಮಗಳು ವೇದಾವತಿ. ಆಮೇಲೆ ಗಂಡನ ಕಡೆ ತಿರುಗಿ, “ರೀ, ಕಜ್ಜಾಯದ ಹತ್ರ ಸುಳೀಬೇಡಿ. ನಿಮಗೆ ಬೇರೆ ಮುದ್ದೆ ಮಾಡಿದೀನಿ,” ಅಂದಳು. ಪ್ರಸನ್ನ ಕುಮಾರ್ ಹೂಂ ಅಂದ. ಎಡೆ ಮುಗಿಯುವವರೆಗೆ ಉಪವಾಸ ಬೇರೆ.

ಕೋಣೆಯಲ್ಲಿ ಮಾವನ ಫೋಟೋ, ಅದರ ಮುಂದೆ ಬಾಳೆಯೆಲೆ, ಎಲೆ ತುಂಬ ಹೋಳಿಗೆ, ಎಳ್ಳು ಮೆತ್ತಿದ ಕಜ್ಜಾಯ. ಪಕ್ಕದಲ್ಲಿ ಹಾರ್ಮೋನಿಯಂ, ಸೀಟಿ. ಮಾವ ರೆಫರಿಯಾಗಿದ್ದ ವಾಲಿಬಾಲ್ ಮ್ಯಾಚುಗಳಲ್ಲಿ ಆಡಿದ ಓಬಳರಾಜು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ ತಲೆ ಅಲ್ಲಾಡಿಸಿದ.

“ಬಾಲ್ ಇಲ್ದೆ ಇದೆಂಥಾ ಎಡೆನಕ್ಕ? ಬಾಲ್ ಕಾಣ್ದೆ ಶಂಕ್ರಣ್ಣ ಒಳಕ್ಕೇ ಬರಾಕಿಲ್ಲ ಬುಡು. ತಗಳಪ್ಪ ಪ್ರಸನ್ನ, ವಸಿ ಗಾಳಿ ಹೊಡಿ,” ಅಂತ ಮಾವನ ಹಳೇ ಬಾಲನ್ನು ಅಳಿಯನ ಕೈಗಿಟ್ಟ.

ಪ್ರಸನ್ನ ಕುಮಾರ್ ಹೂಂ ಅಂದ. ಗಾಳಿ ತುಂಬಿದ್ದೇ ತಡ, ಬಾಲು ಕೈ ಜಾರಿ ಮೂಲೆಯಲ್ಲಿ ಪೇರಿಸಿದ್ದ ಕಡಲೆಕಾಯಿ ಮೂಟೆಗಳ ಹಿಂದಕ್ಕೆ ಉರುಳಿತು. ಅವನು ಅದರ ಹಿಂದೆಯೇ ನುಸುಳಿದ. ಅಷ್ಟರಲ್ಲಿ ಸಾಂಬ್ರಾಣಿ ಹೊಗೆ ತುಂಬಿತು, ಎಲ್ಲರೂ ಆಚೆ ನಡೆದರು, ಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಬಿತ್ತು.

ಹಿರಿಯರು ಬಂದು ಉಣ್ಣುವ ಹೊತ್ತು ಅದು. ಒಳಗೆ ನರಪಿಳ್ಳೆ ಇರಬಾರದು. ನಡುವೆ ಬಾಗಿಲು ತೆಗೆದರೆ ಹಿರಿಯರು ಎಲೆ ಬಿಟ್ಟು ಎದ್ದು ಹೋಗುತ್ತಾರೆ, ವರ್ಷವಿಡೀ ಮನೆಗೆ ಒಳ್ಳೆಯದಾಗುವುದಿಲ್ಲ. ಬಾಗಿಲು ಬಡಿಯಲು ಎತ್ತಿದ ಕೈಯನ್ನು ಪ್ರಸನ್ನ ಕುಮಾರ್ ಹಾಗೇ ಇಳಿಸಿದ. ಇಳಿದ ಕೈ ಎಲೆಯ ಹತ್ತಿರವೇ ಬಂತು. ತುಪ್ಪದ ಘಮ ಮೂಗಿಗೆ ಬಡಿಯಿತು. ಒಂದೇ ಒಂದು ಕಜ್ಜಾಯ, ಮಾವ ಬೇಡ ಅನ್ನುವವರಲ್ಲ ಅಂದುಕೊಂಡ. ಒಂದು ಒಳಗಿಳಿದ ಮೇಲೆ ಇನ್ನೊಂದನ್ನು ಕೇಳುವವರು ಯಾರು? ಬಾಯಿ ತುಂಬಿಸಿಕೊಂಡು ಹಿಂದಕ್ಕೆ ಸರಿಯುವಾಗ ಹಾಳು ಬಾಲು ಕಾಲಡಿಗೆ ಸಿಕ್ಕಿತು. ಬೀಳದಿರಲು ಹಾರ್ಮೋನಿಯಮ್ಮನ್ನೇ ತಬ್ಬಿ ಹಿಡಿದ. ಒಂದು ಕೈ ತಿದಿಯ ಮೇಲೆ, ಇನ್ನೊಂದು ಕೀಲಿಮಣೆಯ ಮೇಲೆ. ಪೆಟ್ಟಿಗೆ ಭೋಂ ಅಂತ ಹಾಡಿತು.

ಹೊರಗಿನಿಂದ ಆಂಜಿನಮ್ಮನ ದನಿ ಕೇಳಿತು.

“ಬಂದ್ರಾ? ಹಸಿವಾಗಿತ್ತಾ? ಕಜ್ಜಾಯ ನಿಮಗೇ ಅಂತ ಮಾಡಿದ್ದು, ಇನ್ನೆರಡು ತಿನ್ನಿ.” ಹೇಳುತ್ತಾ ಹೇಳುತ್ತಾ ಅವರು ಬಿಕ್ಕಿ ಬಿಕ್ಕಿ ಅತ್ತರು.

ಒಳಗಿರುವುದು ನಾನು ಅಂತ ಈಗ ಗೊತ್ತಾದರೆ ಈ ಮುದುಕಿ ಬದುಕುವುದಿಲ್ಲ ಅಂತ ಪ್ರಸನ್ನ ಕುಮಾರನಿಗೆ ಅನ್ನಿಸಿತು. ಕಣ್ಣೊರೆಸಿಕೊಂಡು ಇನ್ನೆರಡು ತಿಂದ.

ಓಬಳರಾಜು ಸುಮ್ಮನಿರುವ ಗಿರಾಕಿಯೇ? ಬಾಗಿಲಿಗೆ ಬಾಯಿಟ್ಟು ಕೂಗಿದ. “ಶಂಕ್ರಣ್ಣ, ಕೊರಟಗೆರೆ ಮ್ಯಾಚಲ್ಲಿ ನಾನು ಹೊಡ್ದ ಬಾಲ್ನ ಔಟ್ ಅಂದ್ಬುಟ್ಟೆ. ಇವತ್ತಾದ್ರೂ ನಿಜ ಹೇಳಣ್ಣ. ಗೆರೆ ಒಳಗಿದ್ರೆ ಒಂದು ಸೀಟಿ, ಆಚೆ ಹೋಗಿದ್ರೆ ಎರಡು.”

ಮಾವ ಸಾಯುವ ತನಕ ಔಟ್ ಎಂದೇ ಹೇಳಿದ್ದರು. ಮಾವನ ಮಾತು ಉಳಿಸಲು ಪ್ರಸನ್ನ ಕುಮಾರ್ ಎರಡು ಸಲ ಊದಲು ಹೊರಟ. ಮೊದಲನೆಯದು ಜೋರಾಗಿಯೇ ಬಂತು. ಎರಡನೆಯದಕ್ಕೆ ಕಜ್ಜಾಯದ ಪುಡಿ ಸೀಟಿಯೊಳಗೆ ಸಿಕ್ಕಿಕೊಂಡು ಬರೀ ಉಸಿರು ಬಂತು.

“ಒಂದೇ ಕಣ್ರಲೇ. ಒಂದೇ ಸೀಟಿ,” ಅಂತ ಓಬಳರಾಜು ಗೋಡೆಗೆ ಒರಗಿ ಅತ್ತುಬಿಟ್ಟ. “ಬದುಕಿದ್ದಾಗ ಒಪ್ಪಲಿಲ್ಲ, ಸತ್ತ ಮ್ಯಾಲಾದ್ರೂ ಒಪ್ಕೊಂಡ ಪುಣ್ಯಾತ್ಮ.”

ಚಿಲಕ ತೆಗೆಯುವ ಸದ್ದಾಯಿತು. ಪ್ರಸನ್ನ ಕುಮಾರ್ ಮತ್ತೆ ಮೂಟೆ ಹಿಂದೆ ಸೇರಿದ. ಒಳಗೆ ಬಂದು ಅರ್ಧ ಖಾಲಿಯಾದ ಎಲೆ ನೋಡಿ ಎಲ್ಲರೂ ಕಣ್ಣು ಮುಚ್ಚಿ ಅಡ್ಡಬಿದ್ದರು. ಆ ಸಂದಿನಲ್ಲಿ ಅವನು ಮೆಲ್ಲನೆ ಬಂದು ಹಿಂದಿನ ಸಾಲಿನಲ್ಲಿ ತಾನೂ ಅಡ್ಡಬಿದ್ದ.

“ಎಲ್ರೀ ಹೋಗಿದ್ರಿ?” ವೇದಾವತಿ ಪಿಸುಗುಟ್ಟಿದಳು.

“ಇಲ್ಲೇ ಹಿಂದೇನೇ ಇದ್ನಲ್ಲ,” ಅಂದ. ಸುಳ್ಳೇನಲ್ಲ.

ಊಟದ ಹೊತ್ತಿಗೆ ಅವನ ತಟ್ಟೆಗೆ ಮುದ್ದೆ ಬಂತು. ತಂದವರು ಆಂಜಿನಮ್ಮ. ಅಕ್ಕಪಕ್ಕ ಯಾರೂ ಇಲ್ಲದ್ದು ನೋಡಿ ಸೆರಗಿನ ತುದಿಯಿಂದ ಅಳಿಯನ ಮೀಸೆ ಒರೆಸಿದರು. ಬಣ್ಣ ಹಚ್ಚಿದ ಕಪ್ಪು ಮೀಸೆಯಲ್ಲಿ ಬಿಳಿ ಎಳ್ಳು ಅಂಟಿತ್ತು.

“ನಿಮ್ಮ ಮಾವನೂ ಹಿಂಗೇ, ಮೀಸೆ ಒರೆಸ್ಕೊಳ್ಳೋದು ಮರೆತುಬುಡೋರು,” ಅಂದರು.

ಪ್ರಸನ್ನ ಕುಮಾರನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

“ನಮ್ಮತ್ತೆ ಎಡೆ ಇಟ್ಟಾಗಲೆಲ್ಲ ಮೂಟೆ ಹಿಂದೆ ನಿಮ್ಮ ಮಾವ್ನೇ ಅವಿತ್ಕೊಂಡು ತಿಂತಿದ್ದಿದ್ದು. ‘ನಮ್ಮ ಯಜಮಾನ್ರು ತಪ್ಪದೆ ಬಂದು ಉಂಡು ಹೋಯ್ತಾರೆ’ ಅಂತ ನಮ್ಮತ್ತೆ ಸಾಯೋಗಂಟ ಸಂತೋಷ್ವಾಗಿದ್ರು. ಇವತ್ತು ನೀವು ಮೂಟೆ ಹಿಂದೆ ನುಗ್ಗಿದ್ದು ನೋಡ್ದೆ ಅಳಿಯಂದ್ರೇ. ನೋಡೇ ಚಿಲಕ ಹಾಕ್ದೆ.”

“ಮತ್ತೆ ಅಷ್ಟೊಂದು ಅತ್ರಲ್ಲಮ್ಮ?”

“ಅದು ಸುಳ್ಳಲ್ಲ. ಆ ಪೆಟ್ಟಿಗೆ ದನಿ ಕೇಳಿ ವರ್ಷ ಆಗಿತ್ತು.”

ಇಷ್ಟು ಹೇಳಿದವರಿಗೆ ಭೋಂ ಅಂದದ್ದು ನೆನಪಾಯಿತೋ ಏನೋ, ಆಂಜಿನಮ್ಮ ನಕ್ಕರು. ಬಾಯಿಗೆ ಸೆರಗು ಅಡ್ಡ ಹಿಡಿದರೂ ನಿಲ್ಲದಂಥ ನಗು. ವೇದಾವತಿ ಅಡುಗೆಮನೆಯಿಂದ ಓಡಿಬಂದು, ಅವ್ವ ನಗುವುದನ್ನು ನೋಡಿ ಅಲ್ಲೇ ಕಣ್ತುಂಬಿಕೊಂಡು ನಿಂತಳು. ಪ್ರಸನ್ನ ಕುಮಾರನಿಗೂ ಜೀವ ಹಗುರಾಯಿತು. ಇನ್ನು ಪ್ರತಿ ವರ್ಷವೂ ಮೂಟೆ, ಪ್ರತಿ ವರ್ಷವೂ ಕಜ್ಜಾಯ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಆಂಜಿನಮ್ಮ ಕಣ್ಣೊರೆಸಿಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ಅವ್ರು ಹೋಗೋವಾಗ ನನ್ನ ಕಿವೀಲಿ ಒಂದು ಮಾತು ಹೇಳವ್ರೆ. ಅಲ್ಲೂ ಶುಗರ್ ಟೆಸ್ಟ್ ಮಾಡವ್ರಂತೆ, ಜಾಸ್ತಿ ಐತಂತೆ. ಮುಂದಿನ ವರ್ಷದಿಂದ ಸಿಹಿ ಇಡಬ್ಯಾಡ, ಎಲೆ ತುಂಬ ಹಾಗಲಕಾಯಿ ಪಲ್ಯ ಬಡಿಸು, ಒಂಚೂರೂ ಬುಡದಂಗೆ ತಿಂದು ಹೋಯ್ತೀನಿ ಅಂದ್ರು.”

ಓಬಳರಾಜು ಭಕ್ತಿಯಿಂದ ಕೈ ಮುಗಿದ. “ಶಂಕ್ರಣ್ಣ ಹೇಳಿದ್ ಮ್ಯಾಲೆ ಮುಗೀತು. ಏನಪ್ಪ ಪ್ರಸನ್ನ?”

ಪ್ರಸನ್ನ ಕುಮಾರ್ ಹೂಂ ಅಂದ.