ಮೂರನೇ ಚೀಲ

ನಮ್ಮ ಮನೆಯ ಡ್ರೈವರ್ ಸೀಟು ನನ್ನದಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನನ್ನ ಮುಂದಿನ ಸಂಕಟ ನಿಮಗೆ ಸುಲಭವಾಗಿ ಅರ್ಥವಾದೀತು. ನಾನು ಭೀಮರಾಯನಗುಡಿ ಕ್ಯಾಂಪಿನ ಗುಮಾಸ್ತ. ಕಾಲುವೆಗೆ ನೀರು ಬಿಡುವವರು ಇಂಜಿನಿಯರುಗಳು. ಬಿಟ್ಟರೆಂದು ದುಂಡಗೆ ಬರೆಯುವವನು ನಾನು. ನನ್ನ ಹೆಂಡತಿ ಪರಿಮಳಾ ಹಳದಿ ಬೋರ್ಡಿನ ಕಾರು ಓಡಿಸುತ್ತಾಳೆ. ಬೆಳಿಗ್ಗೆ ಶಹಾಪುರದಲ್ಲಿ ಟೀಚರುಗಳನ್ನು ಹತ್ತಿಸಿಕೊಂಡು ಸುರಪುರದ ಕಡೆಯ ಹಳ್ಳಿ ಶಾಲೆಗಳಿಗೆ ಬಿಡುವುದು, ಸಂಜೆ ಕರೆತರುವುದು ಅವಳ ಕೆಲಸ. ಅವಳು ಗೇರ್ ಬದಲಿಸುವುದನ್ನು ನೀವು ನೋಡಬೇಕು. ಹಂಚಿನ ಮೇಲೆ ರೊಟ್ಟಿ ಹೊರಳಿಸಿದಷ್ಟು ಹಗುರ.

ಕಾರಿಗೆ ವಯಸ್ಸಾಗಿದೆ. ಹಾಗಾಗಿ ವರ್ಷಕ್ಕೊಮ್ಮೆ ಯಾದಗಿರಿಗೆ ಒಯ್ದು, ಇದು ಇನ್ನೂ ರಸ್ತೆಗೆ ಯೋಗ್ಯವೆಂದು ಫಿಟ್‌ನೆಸ್ ಪಾಸು ಮಾಡಿಸಬೇಕು. (ಗಂಡಂದಿರಿಗೆ ಇಂಥ ಕಾಯಿದೆ ಇನ್ನೂ ಬಂದಿಲ್ಲ.) ಫೇಲಾದರೆ ಮತ್ತೆ ತಾರೀಖು ಸಿಗುವವರೆಗೆ ಗಾಡಿ ಮನೆಯ ಮುಂದೆ, ಟೀಚರುಗಳು ಜಲಾಲುದ್ದೀನನ ಗಾಡಿಯಲ್ಲಿ. ಅವನ ಗಾಡಿಗೆ ಎಸಿ ಇದೆ. ನಮ್ಮ ಕಡೆಯ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಎಸಿ ಹತ್ತಿದವರು ಇಳಿದು ಬರುತ್ತಾರೆಯೇ? ಜಲಾಲುದ್ದೀನ ಮಾತ್ರ ಬಹಳ ಸಭ್ಯ. “ಅಕ್ಕೋರ, ಫಿಕರ್ ಮಾಡಬ್ಯಾಡ್ರಿ. ಹೆಚ್ಚುಕಮ್ಮಿ ಆದ್ರ ಟೀಚರ್ ಮಂದೀನ್ನ ನಾ ಸಂಭಾಳಸ್ತೀನಿ,” ಎಂದು ದಿನಾ ಧೈರ್ಯ ಹೇಳುತ್ತಿದ್ದ. ಆ ಧೈರ್ಯ ಕೇಳಿದ ರಾತ್ರಿಯೆಲ್ಲ ಪರಿಮಳಾಗೆ ನಿದ್ದೆ ಬರುತ್ತಿರಲಿಲ್ಲ.

ಅವಳು ತಯಾರಿಗೆ ಇಳಿದಳು. ಸೀಟುಗಳನ್ನು ಬಿಚ್ಚಿ ಬಿಸಿಲಿಗೆ ಹಾಕಿ ಬಡಿದಳು. ವೈಪರ್ ಬದಲಾಯಿತು, ಹಿಂದೆ ಕೆಂಪು ಮಿಂಚುಪಟ್ಟಿ ಬಂತು. ಕಣ್ಣು ಮುಚ್ಚಿ ಬ್ರೇಕಿನ ಸದ್ದು ಕೇಳುತ್ತಿದ್ದಳು, ತಂಬೂರಿಯ ಶ್ರುತಿ ಕೇಳುವವರ ಹಾಗೆ. ನನ್ನ ಪಾಲಿಗೆ ಗಾಲಿ ತೊಳೆಯುವ ಖಾತೆ ಬಂದಿತ್ತು. ಅದನ್ನೂ ಅವಳು ಮತ್ತೊಮ್ಮೆ ತೊಳೆದಳು.

ಹಿಂದಿನ ದಿನ ಹೊತ್ತು ಮುಳುಗುವಾಗ ಕಾರನ್ನು ಮನೆಯ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಲೈಟು ಹಚ್ಚಿದಳು. ನನ್ನನ್ನು ಗೋಡೆಗೆ ಆನಿಸಿದಳು.

“ಬೆಳಕು ನಿಮ್ಮ ಉಡದಾರ ದಾಟಿ ಮ್ಯಾಲ ಬರಬಾರದು. ಎದುರು ಬರೋರ ಕಣ್ಣಿಗಿ ಹೊಡೀತದ.”

ಸ್ಕ್ರೂ ತಿರುಗಿಸುತ್ತಾ ಬೆಳಕನ್ನು ನನ್ನ ಎದೆಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಕೆಳಕ್ಕೆ ಇಳಿಸಿದಳು. (ಹೊಟ್ಟೆ ದಾಟಲು ಬೆಳಕಿಗೂ ತುಸು ಹೊತ್ತು ಹಿಡಿಯಿತು.) ನನ್ನ ಉಡದಾರ ನನಗೇ ಕಾಣದೆ ಎಷ್ಟೋ ಕಾಲವಾಗಿತ್ತು, ಅವಳು ಅಂದಾಜಿನಲ್ಲೇ ಹಿಡಿದಳು. ಆ ಬೆಳಕಿನ ಹಿಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದ ಅವಳ ನೆರಳನ್ನು ನೋಡಿ, ಇಂಥವಳಿಗೆ ನಾನೂ ಏನಾದರೂ ನೆರವಾಗಬೇಕೆಂದು ನನ್ನ ಮನಸ್ಸು ಕರಗಿತು. ಅನರ್ಥ ಶುರುವಾದದ್ದು ಅಲ್ಲಿಂದಲೇ.

ಯಾದಗಿರಿಯ ಮಗ್ಗುಲಲ್ಲೇ ಮುದನಾಳ, ನನ್ನ ತಂಗಿ ಮಲಕಮ್ಮನ ಊರು. ಆಗಷ್ಟೇ ರಾಶಿ ಮುಗಿದು ಮನೆಗೆ ಹೊಸ ಜೋಳ ಬಂದಿತ್ತು. ಅಣ್ಣನ ಗಾಡಿ ತಂಗಿಯ ಊರ ಹತ್ತಿರಕ್ಕೆ ಖಾಲಿ ಹೋಗುವುದೆಂದರೆ ಮಂದಿ ಏನೆಂದಾರು? ತಪಾಸಣೆ ಮುಗಿಸಿ ಹಾಗೇ ಕೊಟ್ಟು ಬಂದರೆ ಪರಿಮಳಾಗೆ ಇನ್ನೊಂದು ಓಡಾಟ ಉಳಿಯುತ್ತದೆ. ಮರುದಿನ ಟೀಚರುಗಳನ್ನು ಶಾಲೆಗೆ ಬಿಟ್ಟು ಬಂದು ಅವಳು ಜಳಕಕ್ಕೆ ಹೋದಾಗ ಎರಡು ಚೀಲ ಜೋಳವನ್ನು ಹಿಂದೆ ಇಟ್ಟು ಚಾದರ ಹೊದಿಸಿದೆ. ಅವು ಕಾಣದಂತೆ ಕಟ್ಟಕಡೆಯ ಸೀಟಿನಲ್ಲಿ ನಾನೇ ಮರೆಯಾಗಿ ಕುಳಿತೆ.

ಹಾದಿಯಲ್ಲಿ ಅವಳು, ಗಾಡಿ ಯಾಕೋ ಮೂಗು ಎತ್ತಿಕೊಂಡು ಹೊರಟಿದೆ ಎಂದಳು. ನಿನ್ನ ಕೈಗೆ ಸಿಕ್ಕಿದೆಯಲ್ಲ, ಅದಕ್ಕೂ ಸೊಕ್ಕು ಎಂದೆ. ಕನ್ನಡಿಯಲ್ಲಿ ಅವಳು ನಕ್ಕಿದ್ದು ಕಂಡಿತು. ನಾನು ಹಿಗ್ಗಿದೆ.

ತಪಾಸಣೆಯ ಮೈದಾನದಲ್ಲಿ ಬ್ರೇಕು, ಹಾರ್ನು, ಗಾಲಿ, ಎಲ್ಲವೂ ಒಂದೊಂದಾಗಿ ಪಾಸಾದವು. ಇನ್ಸ್‌ಪೆಕ್ಟರ್ ಸಾಹೇಬರು ಗಾಡಿ ಯಾರು ನೋಡಿಕೊಳ್ಳುತ್ತಾರೆಂದು ಕೇಳಿದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಇವಳ ಸಾಹೇಬ್ರ, ಎಲ್ಲಾ ಇವಳ,” ಎಂದೆ. ಅಷ್ಟರಲ್ಲಿ ರೇವತಿ ಟೀಚರ ಫೋನು ಬಂತು: ಸಂಜೆಗೆ ಬರುತ್ತೀರೋ, ಇಲ್ಲಾ ಜಲಾಲುದ್ದೀನನಿಗೆ ಹೇಳಲೋ?

ಆಮೇಲೆ ಲೈಟಿನ ಪರೀಕ್ಷೆ. ಬೆಳಕು ಎದುರಿನ ಹಲಗೆಯ ಮೇಲಿನ ಗುರುತನ್ನು ಬಿಟ್ಟು ಎಲ್ಲೋ ಮೇಲೆ ಬಿತ್ತು.

“ಇದೇನ್ರಿ ಅಕ್ಕೋರ, ಹಾದಿ ನೋಡಾಕ ಹಚ್ಚೀರೋ, ಚುಕ್ಕಿ ನೋಡಾಕೋ?” ಎಂದು ಸಾಹೇಬರು ಪೆನ್ನು ತೆಗೆದರು.

ಪರಿಮಳಾಳ ಮುಖ ಬಾಡಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಒಂದು ಗಳಿಗೆ ತಡೆಯಿರಿ ಎಂದು ಸಾಹೇಬರನ್ನು ಬೇಡಿಕೊಂಡು ಅವಳು ಸ್ಕ್ರೂ ಮುಟ್ಟಿ ನೋಡಿದಳು, ಇಟ್ಟಲ್ಲೇ ಇತ್ತು. ಗಾಡಿಯ ಸುತ್ತ ಬಂದಳು, ಹಿಂದಿನ ಬಾಗಿಲು ತೆರೆದಳು, ಚಾದರ ಎತ್ತಿದಳು. ಹೊಸ ಜೋಳದ ಘಮ ಮೈದಾನಕ್ಕೆಲ್ಲ ಹಬ್ಬಿತು.

“ಯಾರವು?”

“ಮಲಕಮ್ಮಗ.”

“ನಿನ್ನಿ ಗ್ವಾಡಿ ಮುಂದ ಲೈಟ್ ಹಚ್ಚಿದಾಗ ಇವು ಇದ್ದುವೇನು?”

ಇರಲಿಲ್ಲ. ಕೈ ಹಚ್ಚಲು ನಾನು ಎದ್ದೆ. “ಕುಂದರ್ರಿ,” ಎಂದಳು. ಕುಳಿತೆ. ಎರಡೂ ಚೀಲಗಳನ್ನು ಅವಳೇ ಎಳೆದು ಇಳಿಸಿದಳು. ಮತ್ತೆ ಲೈಟು ಹಚ್ಚಿದಾಗ ಬೆಳಕು ಗುರುತಿನ ಹತ್ತಿರಕ್ಕೆ ಬಂತೇ ಹೊರತು ಮುಟ್ಟಲಿಲ್ಲ. ಸಾಹೇಬರು ಬಗ್ಗಿ ಗಾಡಿಯ ಒಳಗೆ ಇಣುಕಿದರು.

“ಅಕ್ಕೋರ, ಹಿಂದ ಇನ್ನೊಂದು ಚೀಲ ಉಳದದ.”

ಪರಿಮಳಾ ನನ್ನನ್ನು ನೋಡಿದಳು. “ಹೌದ್ರಿ. ಅದಕ್ಕ ಕಾಲು ಅದಾವ, ತಾನ ಇಳೀತದ.”

ಇಳಿದೆ. ಗಾಡಿ ಉಸ್ಸೆಂದು ಉಸಿರು ಬಿಟ್ಟಿತು. ಬೆಳಕು ಗುರುತಿನ ಮೇಲೆ ಹೋಗಿ ಪಾರಿವಾಳದಂತೆ ಮೆತ್ತಗೆ ಕುಳಿತಿತು.

ಪಾಸಾದ ಕಾಗದ ಹಿಡಿದು ಅವಳು ಟೀಚರುಗಳನ್ನು ಕರೆತರಲು ಹೊರಟೇಬಿಟ್ಟಳು. ಹೊತ್ತಾಗಿತ್ತು, ಮುದನಾಳಕ್ಕೆ ಹೋಗುವ ಪುರುಸೊತ್ತಿರಲಿಲ್ಲ. ತಿರುಗಿ ಬಂದು ಮೂರೂ ಒಯ್ಯುತ್ತೇನೆ ಎಂದಳು. ಧೂಳೆಬ್ಬಿಸದೆ ಸಾಗಿದ ಆ ಗಾಡಿಯನ್ನು ಕಣ್ಣು ತುಂಬ ನೋಡಿ, ರಸ್ತೆ ಬದಿಯ ಬೇವಿನ ಕೆಳಗೆ ಚೀಲಗಳ ಮೇಲೆ ಕುಳಿತೆ. ಹೋಗುವವರು ಬರುವವರು ಜೋಳ ಮುಟ್ಟಿ ಬೆಲೆ ಕೇಳಿದರು. ಮೂರನೇ ಚೀಲದ ಬೆಲೆ ಒಬ್ಬರೂ ಕೇಳಲಿಲ್ಲ.

ಹೊತ್ತು ಮುಳುಗಿದ ಮೇಲೆ ಅವಳು ಬಂದಳು. ಟೀಚರುಗಳು ಜಲಾಲುದ್ದೀನನ ಕಡೆ ಹೋಗದೆ ಅವಳ ಗಾಡಿಗೇ ಉಳಿದಿದ್ದರು. ಅದು ಅವಳ ಮುಖದಲ್ಲೇ ಬರೆದಿತ್ತು. ಚೀಲಗಳನ್ನು ಹತ್ತಿಸಿ, ನಾನು ತಲೆ ತಗ್ಗಿಸಿ ಹಿಂದಿನ ಸೀಟಿಗೆ ನಡೆದೆ. ಅವಳು ಮುಂದಿನ ಬಾಗಿಲು ತೆರೆದು, ತನ್ನ ಮಗ್ಗುಲಿನ ಸೀಟನ್ನು ಕೈಯಿಂದ ಒರೆಸಿ, ಅಲ್ಲಿಗೆ ಬರುವಂತೆ ಕರೆದಳು. ನನ್ನ ಮೇಲೆ ಸಿಟ್ಟಿಲ್ಲವೇ ಎಂದು ಕೇಳಿದೆ.

“ಸಿಟ್ಟಿನ ಮಾತು ಮನ್ಯಾಗ,” ಎಂದಳು. “ಕತ್ತಲಾಗ್ಯಾದ, ಹಿಂದ ಜ್ವಾಳ ಅದ. ಬೆಳಕು ಕೆಳಗಿರಬೇಕಂದ್ರ ಮುಂದ ಭಾರ ಬೇಕು. ಕುಂದರ್ರಿ.”