ಚಂದ್ರಮೌಳಿಗೊಬ್ಬ ಉಪಾಧ್ಯಕ್ಷ ಬೇಕು

ಶನಿವಾರ ಬೆಳಿಗ್ಗೆ ಸಿಯಾಟಲ್ ಪಕ್ಕದ ಈಸ್ಟ್‌ಗೇಟ್‌ನ ತನ್ನ ಮನೆಯಲ್ಲಿ ಚಂದ್ರಮೌಳಿ ಎರಡನೇ ದೋಸೆಗೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದಾಗ ಫೋನು ಟಣ್ ಎಂದಿತು. ಕನ್ನಡ ಕೂಟದ ಚುನಾವಣಾಧಿಕಾರಿ ವಾಸುದೇವ ರಾಯರ ಮೆಸೇಜು. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ಇನ್ನು ಮೇಲೆ ಉಪಾಧ್ಯಕ್ಷರನ್ನೂ ತಾವೇ ಆರಿಸಿಕೊಂಡು ಜೋಡಿಯಾಗಿ ಹೆಸರು ಕೊಡಬೇಕಂತೆ. ನಾವಿರುವ ದೇಶದಲ್ಲಿ ಪ್ರೆಸಿಡೆಂಟ್ ಚುನಾವಣೆ ನಡೆಯುವುದೇ ಹೀಗೆ, ನಮಗೇನು ಧಾಡಿ ಎಂಬುದು ರಾಯರ ವಾದ. ಇವತ್ತು ಸಂಜೆ ಐದರೊಳಗೆ ಕೂಟದ ಹಾಲ್‌ಗೆ ಬಂದು ಹೇಳಬೇಕು, ಜೋಡಿಯವರು ಒಪ್ಪಿದ್ದನ್ನು ಕೇಳಿದ ಒಬ್ಬ ಸಾಕ್ಷಿ ಇದ್ದರೆ ಸಾಕು, ಒಂಟಿಯಾಗಿ ಬಂದವರಿಗೆ ಅವಕಾಶವಿಲ್ಲ.

"ಈ ರಾಯರಿಗೆ ರಿಟೈರ್ ಆದ್ಮೇಲೆ ಬೇರೆ ಕೆಲಸ ಇಲ್ವಾ?" ಎಂದು ಚಂದ್ರಮೌಳಿ ತಟ್ಟೆ ತಳ್ಳಿದ.

ಅವನ ಸಂಕಟ ಅವನಿಗೇ ಗೊತ್ತು. ಮೈಸೂರಿನ ಶಾಲೆಯಲ್ಲಿ ಅವನು ಉಪನಾಯಕ. ಇಲ್ಲಿನ ಆಫೀಸಿನಲ್ಲಿ ಅಸೋಸಿಯೇಟ್ ಮ್ಯಾನೇಜರ್. ಕೂಟದಲ್ಲಿ ಮೊದಲು ಸಹ ಕಾರ್ಯದರ್ಶಿ, ಆಮೇಲೆ ಸಹ ಖಜಾಂಚಿ, ಕಳೆದ ವರ್ಷ ಉಪಾಧ್ಯಕ್ಷ. ಅಧ್ಯಕ್ಷರು ವೇದಿಕೆಯಲ್ಲಿ ದೀಪ ಹಚ್ಚುವಾಗ ಉಪಾಧ್ಯಕ್ಷ ಹಿಂಬಾಗಿಲಲ್ಲಿ ಸಾಂಬಾರಿನ ಪಾತ್ರೆಗೆ ದಾರಿ ಮಾಡಿಸುತ್ತಿರುತ್ತಾನೆ. ಮುಂದಿನ ವರ್ಷ ಕೂಟದ ಬೆಳ್ಳಿಹಬ್ಬ. ಒಂದೇ ಒಂದು ಸಲ, ಉಪ ಇಲ್ಲದೆ, ಸಹ ಇಲ್ಲದೆ, ಬರೀ ಅಧ್ಯಕ್ಷ ಚಂದ್ರಮೌಳಿ ಎಂದು ಮೈಕಿನಲ್ಲಿ ಕರೆಸಿಕೊಳ್ಳಬೇಕೆಂದು ಅವನ ಜೀವ ಒದ್ದಾಡುತ್ತಿತ್ತು.

"ಡ್ಯಾಡ್, ಇಟ್ಸ್ ಜಸ್ಟ್ ಎ ಕ್ಲಬ್," ಎಂದಳು ಮಗಳು ಜಾಹ್ನವಿ, ಫೋನಿನಿಂದ ಕಣ್ಣೆತ್ತದೆ.

"ಕ್ಲಬ್ ಅಂತೆ ಕ್ಲಬ್! ಎದ್ದು ಹೋಗೇ ಆ ಕಡೆ."

ಅಷ್ಟರಲ್ಲಿ ಪಕ್ಕದ ಮನೆಯ ವೆಂಕಟೇಶ್ ಹಿಂಬಾಗಿಲಿಂದ ನುಗ್ಗಿದ. ಅಮೆರಿಕದ ರಾಜಕೀಯದ ಪಾಡ್‌ಕಾಸ್ಟ್ ಕೇಳುತ್ತಲೇ ನಿದ್ದೆ ಹೋಗುವ ಪ್ರಾಣಿ. ಯಾರೂ ಕೇಳದಿದ್ದರೂ ಪಾಠ ಶುರುವಾಯಿತು.

"ರನ್ನಿಂಗ್ ಮೇಟ್ ಆರಿಸೋದು ಅಂದ್ರೆ ಹುಡುಗಾಟ ಅಲ್ಲ ಮೌಳಿ. ನಿನ್ನಲ್ಲಿ ಇಲ್ದೇ ಇರೋದು ಅವರಲ್ಲಿ ಇರ್ಬೇಕು. ನೀನು ಮೈಸೂರು, ಅವರು ಉತ್ತರ ಕರ್ನಾಟಕ ಆಗ್ಬೇಕು. ನೀನು ಈಸ್ಟ್‌ಗೇಟ್, ಅವರು ದೂರದ ಮಿಲ್ ಕ್ರೀಕ್ ಕಡೆಯೋರಾದ್ರೆ ಆ ಕಡೆ ವೋಟೂ ನಿಂಗೇ. ಹಳೇ ರಗಳೆ ಏನಾದ್ರೂ ಇದ್ಯಾ ಅಂತ ಮೊದ್ಲೇ ಜಾಲಾಡ್ಬೇಕು. ಮುಖ್ಯವಾಗಿ, ನಿನಗಿಂತ ಚೆನ್ನಾಗಿ ಮಾತಾಡ್ಬಾರದು."

"ಅಂಥವರು ಎಲ್ಲಿ ಸಿಕ್ತಾರೆ? ಇವರು ಮಾತಾಡಿದ್ರೆ ಮೈಕಿಗೇ ನಿದ್ದೆ ಬರತ್ತೆ," ಎಂದು ಹೆಂಡತಿ ಕೌಸಲ್ಯಾ ಒಲೆಯ ಬಳಿಯಿಂದಲೇ ಹೇಳಿದಳು.

ಚಂದ್ರಮೌಳಿ ಕೇಳಿಸದವನಂತೆ ವೆಂಕಟೇಶನ ಕೈ ಹಿಡಿದುಕೊಂಡ. "ನೀನೇ ಬಾರೋ. ಇಷ್ಟೆಲ್ಲಾ ತಿಳ್ಕೊಂಡಿದೀಯ. ಅಧ್ಯಕ್ಷ ಅನ್ನೋದೆಲ್ಲ ಹೆಸರಿಗೆ ಮಾತ್ರ. ಕೂಟ ನಡೆಸೋನು ನೀನೇ ಕಣೋ, ನಾನು ನಿನ್ನ ಹಿಂದೆ ನಿಂತಿರ್ತೀನಿ ಅಷ್ಟೇ."

"ಛೆ ಛೆ, ನಾನೆಲ್ಲಿ, ಅಧ್ಯಕ್ಷಗಿರಿ ಎಲ್ಲಿ! ಇಬ್ಬರೂ ಈಸ್ಟ್‌ಗೇಟು, ಇಬ್ಬರೂ ಮೈಸೂರು, ಬ್ಯಾಲೆನ್ಸ್ ಆಗಲ್ಲ," ಎಂದ ವೆಂಕಟೇಶ್, ಮುಖವೆಲ್ಲ ಅರಳಿಸಿಕೊಂಡು.

ಇದು ನಮ್ಮ ಜನರ ಹಾಳು ಅಭ್ಯಾಸ ನೋಡಿ. ಏನಾದರೂ ಬೇಕಿದ್ದರೆ ನೇರವಾಗಿ ಕೇಳಿದರೆ ಮಾನ ಹೋಗುತ್ತದೆ. ಎದುರಿನವರನ್ನು ಅಟ್ಟಕ್ಕೇರಿಸಬೇಕು, ನಾವು ನೆಲಕ್ಕಂಟಬೇಕು. ಆ ಉಪಚಾರದ ಮಾತಿನಲ್ಲಿ ಚಂದ್ರಮೌಳಿಯನ್ನು ಮೀರಿಸುವವರು ಸಿಯಾಟಲ್ ಸುತ್ತಮುತ್ತ ಯಾರೂ ಇರಲಿಲ್ಲ.

ಸಾಕ್ಷಿಗೆಂದು ಕೌಸಲ್ಯಾಳನ್ನು ಕಾರಿಗೆ ಹತ್ತಿಸಿಕೊಂಡು ಅವನು ಮಿಲ್ ಕ್ರೀಕ್‌ಗೆ ಹೊರಟ. ಶನಿವಾರವಾದರೂ 405 ಹೆದ್ದಾರಿಯಲ್ಲಿ ಕಾರುಗಳು ಮದುವೆ ಊಟದ ಪಂಕ್ತಿಯ ಹಾಗೆ ಕೂತುಬಿಟ್ಟಿದ್ದವು. ಮೇಲಿಂದ ಜಿಟಿಜಿಟಿ ಮಳೆ. ಮಿಲ್ ಕ್ರೀಕ್‌ನ ಸೋಮಲಿಂಗಪ್ಪ ವಿಮಾನದ ರೆಕ್ಕೆ ಡಿಸೈನ್ ಮಾಡುವ ಎಂಜಿನಿಯರು, ಗದಗಿನ ಕಡೆಯವರು, ಮಾತು ಕಮ್ಮಿ. ಲೆಕ್ಕಕ್ಕೆ ಸರಿಯಾದ ಉಪಾಧ್ಯಕ್ಷ.

"ಬರ್ರಿ ಬರ್ರಿ, ಮೊದಲ ರೊಟ್ಟಿ ತಿನ್ರಿ, ಆಮ್ಯಾಲ ಮಾತು," ಎಂದು ಅವರು ಕೂರಿಸಿದರು. ಹೆಂಡತಿ ಶರಣವ್ವ ಬೇಡವೆಂದಷ್ಟೂ ರೊಟ್ಟಿ ಹಾಕಿದರು.

ತಿಂದು ಬೆವತ ಚಂದ್ರಮೌಳಿಗೆ ವೆಂಕಟೇಶನ ಜಾಲಾಟದ ಪಾಠ ನೆನಪಾಯಿತು. "ಸಾರ್, ಕೂಟದಲ್ಲಿ ನಿಮ್ಮ ಮೇಲೆ ಹಳೇ ಕಂಪ್ಲೇಂಟ್ ಏನಾದ್ರೂ..."

ಸೋಮಲಿಂಗಪ್ಪನವರ ಮೀಸೆ ಎದ್ದು ನಿಂತಿತು. "ಏನ್ರಿ ಹಂಗಂದ್ರ? ದೀಪಾವಳಿಗೆ ಹೋಳಿಗಿ ಕಡಿಮಿ ಬಿದ್ವು ಅಂತ ನನ್ನ ಮ್ಯಾಲ ಹೇಳ್ಯಾರಲ್ಲ, ಅದನ್ನ ಕೆದಕಾಕ ಬಂದೀರೇನು?"

"ಅಯ್ಯಯ್ಯೋ, ಇಲ್ಲ ಸಾರ್! ನಿಮ್ಮಂಥ ದೊಡ್ಡ ಮನುಷ್ಯರು ಬೇಕು ಅಂತ ಬಂದೆ. ಅಧ್ಯಕ್ಷ ಅನ್ನೋದು ಹೆಸರಿಗೆ. ನಿಜವಾಗ್ಲೂ ಕೂಟ ನಡೆಸೋರು ನೀವೇ. ನಾನು ನಿಮ್ಮ ಹಿಂದೆ ನಿಂತಿರ್ತೀನಿ."

"ಏ, ಒಲ್ಲೆರಿ. ನಮಗ್ಯಾಕ ಬೇಕ್ರಿ ಇದೆಲ್ಲ," ಎಂದರು ಸೋಮಲಿಂಗಪ್ಪ. ಮೀಸೆ ಮಾತ್ರ ಮೆಲ್ಲಗೆ ಕೆಳಗಿಳಿಯಿತು.

ಅಲ್ಲಿಂದ ಶೋರ್‌ಲೈನ್‌ಗೆ. ಅಲ್ಲಿನ ಪೂರ್ಣಿಮಾ ಮಕ್ಕಳಿಗೆ ಭರತನಾಟ್ಯ ಕಲಿಸುವವಳು. ಅವಳು ಹೇಳಿದವರಿಗೆ ಆ ಮಕ್ಕಳ ಅಪ್ಪ ಅಮ್ಮಂದಿರೆಲ್ಲ ವೋಟು ಹಾಕುತ್ತಾರೆ, ಇಲ್ಲದಿದ್ದರೆ ಮಗು ಹಿಂದಿನ ಸಾಲಿಗೆ ಹೋಗುವ ಭಯ. ಚಂದ್ರಮೌಳಿ ಬಾಯಿ ತೆರೆಯುವ ಮೊದಲೇ ಅವಳೇ ಕೇಳಿದಳು.

"ಸರ್, ನಿಮ್ಮ ವಿಷನ್ ಏನು?"

"ವಿಷನ್ನಾ? ಅದು... ಹೋದ ತಿಂಗಳು ತಾನೇ ಕನ್ನಡಕ ಬದಲಾಯಿಸಿದೀನಿ."

ಕೌಸಲ್ಯಾ ಹಣೆ ಚಚ್ಚಿಕೊಂಡಳು. ಚಂದ್ರಮೌಳಿ ಗಾಬರಿಯಲ್ಲಿ ಮತ್ತೆ ಅದೇ ರಾಗ ಎತ್ತಿದ. "ವಿಷನ್ ಎಲ್ಲಾ ನಿಮ್ದೇ ಪೂರ್ಣಿಮಾ. ಕೂಟ ನಡೆಸೋರು ನೀವು. ನಾನು ನಿಮ್ಮ ಹಿಂದೆ ನಿಂತಿರ್ತೀನಿ."

"ನೋಡೋಣ ಸರ್," ಎಂದಳು ಪೂರ್ಣಿಮಾ. ನೋಡೋಣ ಎಂದರೆ ಆಗುವುದಿಲ್ಲ ಎಂದು ಯಾವ ಕನ್ನಡಿಗನಿಗೆ ಗೊತ್ತಿಲ್ಲ?

ತಿರುವು ತಪ್ಪಿ ಊರೆಲ್ಲ ಸುತ್ತಿ ವಾಪಸು ಬರುವಾಗ ಐದಕ್ಕೆ ಹತ್ತಿರವಾಗಿತ್ತು, ರಸ್ತೆ ಮತ್ತೆ ಕಟ್ಟಿಕೊಂಡಿತ್ತು. ಕೊನೆಗೆ ಗತಿಯಿಲ್ಲದೆ ಅವನು ಪಕ್ಕಕ್ಕೆ ತಿರುಗಿದ. "ನೀನೇ ಆಗ್ತೀಯೇನೇ, ಕೌಸಲ್ಯಾ?"

"ಮನೇಲಿ ಅಧ್ಯಕ್ಷೆ ನಾನು. ಅಲ್ಲಿ ಬಂದು ನಿಮಗೆ ಉಪ ಯಾಕಾಗ್ಲಿ? ರಸ್ತೆ ನೋಡಿ."

ಹಾಲ್‌ನ ಬಾಗಿಲು ತಳ್ಳಿದರೆ ಏನು ನೋಡುವುದು! ಮುಂದಿನ ಸಾಲಿನಲ್ಲಿ ವೆಂಕಟೇಶ್, ಸೋಮಲಿಂಗಪ್ಪ, ಪೂರ್ಣಿಮಾ ಮೂವರೂ ಕೂತಿದ್ದರು. ಚಂದ್ರಮೌಳಿಯ ಕಣ್ಣು ಒದ್ದೆಯಾಯಿತು. ಬೇಡ ಬೇಡ ಎಂದದ್ದೆಲ್ಲ ಬರೀ ಸಂಕೋಚ, ಪಾಪ, ಒಪ್ಪಿಕೊಂಡೇ ಬಂದಿದ್ದಾರೆ! "ಮೂವರಲ್ಲಿ ಯಾರನ್ನ ಬಿಡ್ಲೇ?" ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ.

ರಾಯರು ಗಂಟಲು ಸರಿಮಾಡಿಕೊಂಡರು. "ಬನ್ನಿ ಚಂದ್ರಮೌಳಿ, ನಿಮಗೇ ಕಾಯ್ತಿದ್ವಿ. ಅಧ್ಯಕ್ಷ ಸ್ಥಾನಕ್ಕೆ ಮೂರು ಹೆಸರು ಬಂದಿದೆ. ವೆಂಕಟೇಶ್, ಸೋಮಲಿಂಗಪ್ಪ, ಪೂರ್ಣಿಮಾ."

"ಅಧ್ಯಕ್ಷ ಸ್ಥಾನಕ್ಕಾ?"

"ನೀನೇ ಹೇಳಿದ್ಯಲ್ಲೋ," ಎಂದ ವೆಂಕಟೇಶ್. "ಕೂಟ ನಡೆಸೋನು ನಾನೇ ಅಂತ. ಯೋಚನೆ ಮಾಡಿದೆ, ನಿಜ ಅನ್ನಿಸ್ತು."

"ನಮ್ಮ ಶರಣವ್ವನೂ ಹಂಗ ಅಂದ್ಲ್ರಿ," ಎಂದರು ಸೋಮಲಿಂಗಪ್ಪ. "ಅಷ್ಟು ದೊಡ್ಡ ಮನುಷ್ಯಾ ಅಂತ ಅವರ ಹೇಳ್ಯಾರ, ಮತ್ತ ಉಪ ಯಾಕ ಅಂದ್ಲು."

"ನನಗೆ ವಿಷನ್ ಇದೆ ಅಂತ ಮೊದಲು ಗುರುತಿಸಿದ್ದೇ ನೀವು ಸರ್," ಎಂದಳು ಪೂರ್ಣಿಮಾ.

ಚಂದ್ರಮೌಳಿ ಕುರ್ಚಿಯ ಬೆನ್ನು ಹಿಡಿದುಕೊಂಡ. "ಮತ್ತೆ ಇವರೆಲ್ಲರ ಉಪಾಧ್ಯಕ್ಷರು?"

"ಮೂರು ಜೋಡಿಗೂ ನೀವೇ," ಎಂದರು ರಾಯರು. "ನಾನು ನಿಮ್ಮ ಹಿಂದೆ ನಿಂತಿರ್ತೀನಿ ಅಂತ ನೀವೇ ಮಾತು ಕೊಟ್ಟಿದೀರಂತೆ. ಒಬ್ಬರೇ ಮೂರು ಕಡೆ ನಿಲ್ಲಬಾರದು ಅಂತ ನಿಯಮ ಇಲ್ಲ. ಕೌಸಲ್ಯಾ, ಇವರು ಹೇಳಿದ್ದು ಹೌದೇನಮ್ಮ?"

"ಹೌದು, ಮೂರು ಕಡೇನೂ ಅದೇ ಹೇಳಿದ್ರು," ಎಂದಳು ಕೌಸಲ್ಯಾ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು.

ಅದೆಲ್ಲ ಉಪಚಾರಕ್ಕೆ ಹೇಳಿದ್ದು ಎಂದು ಕಿರುಚಬೇಕೆನಿಸಿತು. ಆದರೆ ನಿಮ್ಮನ್ನು ಹೊಗಳಿದ್ದು ಸುಳ್ಳು ಎಂದು ಆ ಮೂವರ ಮುಖಕ್ಕೆ ಹೇಳುವುದು ಹೇಗೆ? ಸೋಮಲಿಂಗಪ್ಪನವರ ಮೀಸೆ ಬೇರೆ ಎದುರಿಗೇ ಇತ್ತು.

"ರಾಯರೇ, ನಾನೂ ಅಧ್ಯಕ್ಷ ಸ್ಥಾನಕ್ಕೆ ನಿಲ್ಬೇಕು ಅಂತ..."

"ಧಾರಾಳವಾಗಿ ನಿಲ್ಲಿ. ನಿಮ್ಮ ಉಪಾಧ್ಯಕ್ಷರು ಯಾರು?"

ಚಂದ್ರಮೌಳಿ ಮೂವರನ್ನೂ ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. ಅವಳು ಕಿಟಕಿಯಾಚೆಯ ಮಳೆ ನೋಡುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ಐದಾಯಿತು.

"ಅಧ್ಯಕ್ಷರು ಯಾರಾಗ್ತಾರೋ ವೋಟು ಹಾಕಿ ನೋಡೋಣ," ಎಂದು ರಾಯರು ಎದ್ದರು. "ಉಪಾಧ್ಯಕ್ಷರಂತೂ ಅವಿರೋಧವಾಗಿ ಚಂದ್ರಮೌಳಿಯವರೇ." ಚಪ್ಪಾಳೆ ಬಿತ್ತು. ಕೌಸಲ್ಯಾಳೂ ತಟ್ಟಿದಳು.

ಮೂವರೂ ಬಂದು ಅವನ ಕೈ ಕುಲುಕಿದರು. ನಾಳೆ ಬೆಳಿಗ್ಗೆ ಪ್ರಚಾರಕ್ಕೆ ಬರಬೇಕು, ಉಳಿದ ಇಬ್ಬರು ಯಾಕೆ ಬೇಡ ಎಂದು ಜನರಿಗೆ ನೀವೇ ವಿವರಿಸಬೇಕು ಎಂದು ಮೂವರೂ ಒಬ್ಬೊಬ್ಬರಾಗಿ ಕಿವಿಯಲ್ಲಿ ಹೇಳಿದರು. ಮೂವರಿಗೂ ಚಂದ್ರಮೌಳಿ ಕೈಮುಗಿದು, "ಅಯ್ಯೋ, ಅದಕ್ಕೇನಂತೆ, ಖಂಡಿತ ಬರ್ತೀನಿ," ಎಂದ.